ಮಳೆ ಬಂದರೂ ನಮ್ಮೂರ ಕೆರೆ ಏಕೆ ತುಂಬುತ್ತಿಲ್ಲ?

ಪ್ರಶ್ನೆ: "ನಮ್ಮದು ಅರಸೀಕೆರೆ ತಾಲ್ಲೂಕು ಜಾವಗಲ್ ಹೋಬಳಿಯ ಒಂದು ಹಳ್ಳಿ. ಊರಿಗೆ ಹೊಂದಿಕೊಂಡೇ ಸುಮಾರು 60 ಎಕರೆಯ ಕೆರೆ ಇದೆ. 1994ರಲ್ಲಿ ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಎರಡು ಮೂರು ವರ್ಷಕ್ಕೊಮ್ಮೆಯಾದರೂ ಕೋಡಿ ಬೀಳುತ್ತಿತ್ತು; ಹೆಂಗಸರೆಲ್ಲ ಸೇರಿ ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಿದ್ದೆವು. ಕಳೆದ ಹದಿನೈದು ವರ್ಷಗಳಲ್ಲಿ ಕೋಡಿ ಬಿದ್ದದ್ದು 2022ರಲ್ಲಿ ಮಾತ್ರ. ಕಳೆದ ಮಳೆಗಾಲದಲ್ಲಿ ಹೊಲದಲ್ಲಿ ನೀರು ನಿಂತು ರಾಗಿ ಹಾಳಾಗುವಷ್ಟು ಮಳೆ ಬಂದರೂ ಕೆರೆ ಅರ್ಧವೂ ತುಂಬಲಿಲ್ಲ. ಮಳೆ ಹಿಂದಿನಂತಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹುಡುಗರು ಗುಡ್ಡದ ನೀಲಗಿರಿ ತೋಪಿನ ಕಡೆ ಕೈ ತೋರಿಸುತ್ತಾರೆ. ಹೂಳು ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎಂದು ಊರಿನ ಕೆಲವರು ಜೆಸಿಬಿ ತರಿಸಲು ಹೊರಟಿದ್ದಾರೆ. ಸಖರಾಯಪಟ್ಟಣದ ಅಯ್ಯನಕೆರೆ ನಮಗೆ ಬಹಳ ದೂರವೇನಲ್ಲ. ಅದು ತುಂಬುತ್ತದೆ, ನಮ್ಮದೇಕೆ ತುಂಬುವುದಿಲ್ಲ? ಇನ್ನೊಂದು ಮಾತು. ಏರಿಯ ಕೆಳಗೆ ನಮ್ಮದೇ ಮೂರು ಎಕರೆ ಅಡಿಕೆ ತೋಟ, ಅದಕ್ಕೊಂದು ಕೊಳವೆಬಾವಿ ಇದೆ. ಕೆರೆ ಅಂಗಳದ ಮೇಲಂಚಿನಲ್ಲಿ ನನ್ನ ಮೈದುನ ಒಂದೂವರೆ ಎಕರೆ ಉಳುತ್ತಿದ್ದಾನೆ. ಕೆರೆ ಬತ್ತುವುದರಲ್ಲಿ ನಮ್ಮ ಪಾಲೂ ಇದೆಯೇ? ಇದ್ದದ್ದನ್ನು ಇದ್ದ ಹಾಗೆ ತಿಳಿಸಿ."

ಉತ್ತರ: ನೀವು ಕೊನೆಗೆ ಬರೆದ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೆರೆಗಳ ಕೆಲಸಕ್ಕಾಗಿ 28 ವರ್ಷ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಊರೂರು ತಿರುಗಿದ್ದೇನೆ. ಕೆರೆ ಬತ್ತಿದ್ದಕ್ಕೆ ಆಕಾಶವನ್ನೋ ಸರ್ಕಾರವನ್ನೋ ಮೇಲಿನ ಊರಿನವರನ್ನೋ ದೂರುವ ನೂರಾರು ಜನರನ್ನು ಕಂಡಿದ್ದೇನೆ. ನಮ್ಮ ಪಾಲೂ ಇದೆಯೇ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಆ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಅದಕ್ಕೂ ಮೊದಲು ನಿಮ್ಮ ಕೆರೆಯ ಜಮಾ-ಖರ್ಚು ನೋಡಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಷ್ಟಗಳು ಸೇರಿಕೊಂಡಿವೆ. ಬಿದ್ದ ಮಳೆ ಕೆರೆಯವರೆಗೆ ಬರುತ್ತಿಲ್ಲ ಎನ್ನುವುದು ಒಂದು. ಬಂದ ನೀರು ಬೇಸಿಗೆಯವರೆಗೆ ನಿಲ್ಲುತ್ತಿಲ್ಲ ಎನ್ನುವುದು ಇನ್ನೊಂದು. ಇವೆರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ನಿಮ್ಮ ಕೆರೆಯನ್ನು ನಾನು ನೋಡಿಲ್ಲ. ಲೆಕ್ಕ ಅರ್ಥವಾಗಲೆಂದು ಕೆಲವು ಅಳತೆಗಳನ್ನು ಇಟ್ಟುಕೊಳ್ಳೋಣ. 60 ಎಕರೆ ಕೆರೆ ತುಂಬಿ ಸರಾಸರಿ ಆರು ಅಡಿ ನೀರು ನಿಂತರೆ ಅದು ಸುಮಾರು 44 ಕೋಟಿ ಲೀಟರ್. ಅದಕ್ಕೆ ನೀರು ಕೊಡುವ ಜಲಾನಯನ ಪ್ರದೇಶ ಒಂದೂವರೆ ಸಾವಿರ ಎಕರೆ ಎನ್ನೋಣ. ನಿಮ್ಮ ಕಡೆ ವರ್ಷಕ್ಕೆ 650 ಮಿಲಿಮೀಟರ್ ಮಳೆ ಬಿದ್ದರೆ ಆ ನೆಲದ ಮೇಲೆ ಬೀಳುವುದು ಹತ್ತಿರ ಹತ್ತಿರ 390 ಕೋಟಿ ಲೀಟರ್. ಇದರಲ್ಲಿ ಹೆಚ್ಚಿನ ಪಾಲನ್ನು ಮಣ್ಣು ಕುಡಿಯುತ್ತದೆ, ಬೆಳೆ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ 39 ಕೋಟಿ ಲೀಟರ್, ಕೆರೆ ಹೆಚ್ಚುಕಡಿಮೆ ತುಂಬಿತು. ನೂರರಲ್ಲಿ ನಾಲ್ಕು ಪಾಲು ಮಾತ್ರ ಬಂದರೆ 15 ಕೋಟಿ ಚಿಲ್ಲರೆ, ಅಂದರೆ ಕೆರೆಯ ಮೂರನೆಯ ಒಂದು ಭಾಗ. ಮಳೆ ಒಂದು ಹನಿಯೂ ಕಡಿಮೆಯಾಗಿಲ್ಲ, ಆದರೂ ಕೆರೆ ಬರಿದು. ಹರಿದು ಬರುವ ನೀರು ಹತ್ತರಿಂದ ನಾಲ್ಕಕ್ಕೆ ಇಳಿಯುವುದು ಹೇಗೆ ಎಂಬುದೇ ನಿಮ್ಮ ಊರಿನ ಮುಖ್ಯ ಪ್ರಶ್ನೆ ಎಂದು ನನಗೆ ಅನಿಸುತ್ತದೆ.

ಹಾಗೆಂದು ಹಿರಿಯರ ಮಾತನ್ನು ತಳ್ಳಿಹಾಕಲಾಗದು. ಮಳೆ ಬದಲಾಗಿದೆ. ಆದರೆ ಬದಲಾಗಿರುವುದು ಮುಖ್ಯವಾಗಿ ಅದು ಬೀಳುವ ರೀತಿ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಹಿಡಿದಿಟ್ಟಿದ್ದನ್ನು ಅದು ಬಿಡುವಾಗ ಒಮ್ಮೆಲೇ ಸುರಿಯುತ್ತದೆ, ಆಮೇಲೆ ವಾರಗಟ್ಟಲೆ ಒಣಗಿಸುತ್ತದೆ. ನಿಮ್ಮ ಪಕ್ಕದ ವೇದಾವತಿ ಕೊಳ್ಳವನ್ನೇ ನೋಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಹರಿದದ್ದು 2022ರಲ್ಲಿ. ನಿಮ್ಮ ಕೆರೆ ಕೋಡಿ ಬಿದ್ದದ್ದೂ ಅದೇ ವರ್ಷ. ಮರುವರ್ಷ, 2023ರ ಆಗಸ್ಟ್, ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಬೆನ್ನು ಬೆನ್ನಿಗೆ ಬಂದ ಎರಡು ವರ್ಷ ಇವು. ಇವೆರಡರ ಸರಾಸರಿ ತೆಗೆದರೆ ಚೆನ್ನಾಗಿಯೇ ಕಾಣುತ್ತದೆ, ಬದುಕುವವರಿಗೆ ಮಾತ್ರ ಎರಡೂ ಕಷ್ಟ.

ಬಿರುಸಿನ ಮಳೆ ಬಂದರೆ ನೀರು ಹೆಚ್ಚು ಹರಿಯಬೇಕು, ಕೆರೆಗೆ ಒಳ್ಳೆಯದೇ ಆಗಬೇಕಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀರು ಬರುವ ದಾರಿ ಸರಿಯಾಗಿದ್ದ ಕೆರೆಗಳಿಗೆ ಒಳ್ಳೆಯದೇ ಆಗಿದೆ. ದಾರಿ ಕೆಟ್ಟ ಕೆರೆಗಳಿಗೆ ಅದೇ ಮಳೆ ಮಣ್ಣನ್ನು ತಂದು ಸುರಿಯುತ್ತದೆ, ನೀರನ್ನು ಬೇರೆ ಕಡೆ ಒಯ್ಯುತ್ತದೆ. ನಮ್ಮ ಪೂರ್ವಿಕರು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬರುವ ಹಸ್ತ, ಚಿತ್ತ ಮಳೆಗಳನ್ನು ಕೆರೆ ತುಂಬಿಸುವ ಮಳೆ ಎಂದು ನಂಬಿದ್ದರು. ಅದಕ್ಕೆ ಕಾರಣವಿತ್ತು. ಆ ಹೊತ್ತಿಗೆ ಎರಡು ಮೂರು ತಿಂಗಳ ಜಿಟಿಜಿಟಿ ಮಳೆಗೆ ನೆಲ ನೆನೆದಿರುತ್ತಿತ್ತು. ನೆನೆದ ನೆಲದ ಮೇಲೆ ಬಿದ್ದ ಒಂದು ದೊಡ್ಡ ಮಳೆ ನೇರ ಹಳ್ಳಕ್ಕೆ ಇಳಿಯುತ್ತಿತ್ತು. ಜುಲೈ, ಆಗಸ್ಟ್‌ನಲ್ಲಿ ಒಣಗಿ ಬಿರುಕುಬಿಟ್ಟ ನೆಲಕ್ಕೆ ಹಸ್ತ ಮಳೆ ಬಿದ್ದರೆ ಮೊದಲ ಎರಡು ಹದ ಮಳೆಯನ್ನು ಬಿರುಕುಗಳೇ ನುಂಗುತ್ತವೆ.

ಅಯ್ಯನಕೆರೆಯ ಜೊತೆ ಹೋಲಿಕೆ ಬೇಡ. ಆ ಕೆರೆಗೆ ನೀರು ಬರುವುದು ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಇಳಿಜಾರಿನಿಂದ. ಮಲೆಗೆ ಬಿದ್ದ ಮಳೆ, ಕಾಡಿನಡಿಯಿಂದ ನಿಧಾನವಾಗಿ ಜಿನುಗಿ ಬರುವ ನೀರು ಅದರ ಪಾಲಿಗಿದೆ. ನಿಮ್ಮ ಕೆರೆಗೆ ಬಯಲಿನ ಮಳೆಯೊಂದೇ ಗತಿ. ಒಂದೇ ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತದೆ, ಅರಸೀಕೆರೆಯಲ್ಲಿ 600–700ರ ಆಸುಪಾಸು. ಆದರೆ ಅಯ್ಯನಕೆರೆಯಿಂದ ಕಲಿಯಬೇಕಾದದ್ದು ಒಂದಿದೆ. ಅಷ್ಟು ನೀರಿನ ಆಸರೆ ಇದ್ದ ಕೆರೆಯನ್ನೂ 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರ ಮಾಡಬೇಕಾಗಿತ್ತು. ಕೆರೆ ಕಟ್ಟಿದ ಮೇಲೆ ಅದು ತಾನಾಗಿ ಬಾಳುತ್ತದೆ ಎಂದು ಆ ಕಾಲದವರೂ ನಂಬಿರಲಿಲ್ಲ. ಕೆರೆಯ ದುರಸ್ತಿಗೆಂದೇ ಭೂಮಿ ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ.

ಈಗ ದಾರಿಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಬಾಣಾವರದ ಕಡೆಯ ಒಂದು ಊರಿನವರು ಇದೇ ದೂರು ಹೇಳಿ ಕರೆಸಿದ್ದರು. ಎರಡು ಸಲ ಬೇಸಿಗೆಯಲ್ಲಿ ಹೋಗಿ ನೋಡಿದೆ, ಏನೂ ತಿಳಿಯಲಿಲ್ಲ. ಮೂರನೆಯ ಸಲ ಅಕ್ಟೋಬರ್‌ನಲ್ಲಿ ಹೋಗಿದ್ದಾಗ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಮುಕ್ಕಾಲು ಗಂಟೆ ಸುರಿಯಿತು. ಕೆರೆ ನೀರು ಹಂಚುವ ಆ ಊರಿನ ಮುದಿ ನೀರುಗಂಟಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಸನಿಕೆ ಹಿಡಿದು ಮುಂದೆ ನಡೆದ. ನಾನು ಹಿಂದೆ. ಹಳ್ಳದಲ್ಲಿ ಕೆಂಪು ನೀರು ಮೊಣಕಾಲೆತ್ತರ ಬರುತ್ತಿತ್ತು. ಕೆರೆಗೆ ಇನ್ನು ಅರ್ಧ ಮೈಲಿ ಇರುವಾಗ ಹೊಸದಾಗಿ ಎತ್ತರಿಸಿದ ರಸ್ತೆ ಅಡ್ಡ ಸಿಕ್ಕಿತು. ರಸ್ತೆಯಡಿ ಎರಡು ಸಿಮೆಂಟ್ ಪೈಪು ಹಾಕಿದ್ದರು. ಒಂದರ ಬಾಯಿಗೆ ತೆಂಗಿನ ಮಟ್ಟೆ, ಪ್ಲಾಸ್ಟಿಕ್ ಚೀಲ, ಲಂಟಾನ ಕಡ್ಡಿ ಸಿಕ್ಕಿ ಗಟ್ಟಿಯಾಗಿತ್ತು. ಇನ್ನೊಂದರ ಬಾಯಿ ಹಳ್ಳದ ತಳಕ್ಕಿಂತ ಎರಡು ಅಡಿ ಮೇಲಿತ್ತು. ನೀರು ಅಲ್ಲಿ ಒಂದು ಕ್ಷಣ ಸುತ್ತಿ, ಪಕ್ಕಕ್ಕೆ ತಿರುಗಿ, ರಸ್ತೆಯ ಚರಂಡಿ ಹಿಡಿದು ಬೇರೆ ಇಳಿಜಾರಿಗೆ ಹೊರಟುಹೋಯಿತು. ಕೆರೆಯ ಕಡೆಗಿನ ಪೈಪಿನಿಂದ ಬರುತ್ತಿದ್ದದ್ದು ಮನೆಯ ನಲ್ಲಿಯಷ್ಟು ನೀರು. ನೀರುಗಂಟಿ ಸನಿಕೆ ಊರಿಕೊಂಡು ನಿಂತು ನೋಡುತ್ತಲೇ ಇದ್ದ, ಮಾತಾಡಲಿಲ್ಲ. ಆ ಕೆರೆಯ ಹೂಳೆತ್ತಲು ಅದಾಗಲೇ ಎರಡು ಸಲ ಹಣ ಖರ್ಚಾಗಿತ್ತು.

ಇಂಥ ತಡೆಗಳು ಎಲ್ಲ ಊರಲ್ಲೂ ಬೇರೆ ಬೇರೆ ವೇಷದಲ್ಲಿರುತ್ತವೆ. ಕೆರೆಗೆ ನೀರು ತರುವ, ನಕ್ಷೆಯಲ್ಲಿ ಹದಿನೈದು ಅಡಿ ಅಗಲವಿರುವ ರಾಜಕಾಲುವೆ ನೆಲದ ಮೇಲೆ ಎರಡು ಅಡಿಗೆ ಬಂದಿರುತ್ತದೆ. ಯಾರೋ ಶುಂಠಿ ಹಾಕಲು ಹೊಲ ಸಮ ಮಾಡಿಸಿದಾಗ ಹಳ್ಳದ ಕವಲೊಂದು ಮುಚ್ಚಿಹೋಗಿರುತ್ತದೆ. ಮೇಲಿನ ಊರಿನಲ್ಲಿ ಚೆಕ್ ಡ್ಯಾಂಗಳು, ಕೃಷಿ ಹೊಂಡಗಳು ಬಂದಿರುತ್ತವೆ. ಇದನ್ನು ಹೇಳುವಾಗ ನನಗೂ ಇಕ್ಕಟ್ಟಾಗುತ್ತದೆ, ಏಕೆಂದರೆ ಕೃಷಿ ಹೊಂಡ ತೋಡಿಸಿ ಎಂದು ರೈತರಿಗೆ ಹೇಳಿದವರಲ್ಲಿ ನಾನೂ ಒಬ್ಬ. ಮಳೆ ಕೈಕೊಟ್ಟ ವಾರದಲ್ಲಿ ಅದು ಒಂದು ಬೆಳೆಯನ್ನು ಉಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನೀರು ಒಂದೇ. ಮೇಲೆ ನಿಂತದ್ದು ಕೆಳಗೆ ಬರುವುದಿಲ್ಲ. ಮೇಲಿನವರನ್ನು ಕಳ್ಳರೆನ್ನದೆ, ಅವರ ಜೊತೆ ಕುಳಿತು, ಯಾವ ಹಳ್ಳಕ್ಕೆ ಇನ್ನು ಮುಂದೆ ಅಡ್ಡ ಕಟ್ಟುವುದು ಬೇಡ ಎಂದು ತೀರ್ಮಾನಿಸಿಕೊಂಡ ಊರುಗಳು ಗೆದ್ದಿವೆ. ಜಗಳವಾಡಿದ ಊರುಗಳು ಇನ್ನೂ ಕಚೇರಿ ಅಲೆಯುತ್ತಿವೆ.

ನೀಲಗಿರಿಯ ವಿಷಯ. ಹುಡುಗರು ಹೇಳುವುದರಲ್ಲಿ ಸತ್ಯವಿದೆ. ನೀಲಗಿರಿಯ ಬೇರು ಆಳಕ್ಕಿಳಿದು ವರ್ಷವಿಡೀ ನೀರೆಳೆಯುತ್ತದೆ, ತೋಪು ದಟ್ಟವಾದಷ್ಟೂ ಅದರಡಿಯಿಂದ ಹಳ್ಳಕ್ಕೆ ಬರುವ ಹರಿವು ಕುಗ್ಗುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಒಂದೂವರೆ ಸಾವಿರ ಎಕರೆಯಲ್ಲಿ ತೋಪು ಎಷ್ಟು ಎಕರೆ ಇದೆ ಎಂದು ಮೊದಲು ಅಳೆಯಿರಿ. ನೂರು ಎಕರೆಯಿದ್ದರೆ ಅದು ಕಾರಣಗಳಲ್ಲಿ ಒಂದು ಮಾತ್ರ. ಕಡಿದ ಮರುದಿನವೇ ಕೆರೆ ತುಂಬುತ್ತದೆ ಎಂಬ ಆಸೆ ಬೇಡ. ಬುಡ ಕೀಳದೆ ಬಿಟ್ಟರೆ ಚಿಗುರುತ್ತದೆ. ಬುಡ ಕಿತ್ತು ನೆಲವನ್ನು ಬೋಳು ಬಿಟ್ಟರೆ ಮೊದಲ ಮಳೆಗೇ ಗುಡ್ಡದ ಮಣ್ಣು ಕೆರೆಗೆ ಬರುತ್ತದೆ. ತೆಗೆಯುವುದಾದರೆ ಹಂತಹಂತವಾಗಿ ತೆಗೆದು, ಹುಲ್ಲು ಹಬ್ಬಲು ಬಿಟ್ಟು, ಹೊಂಗೆ, ಬೇವು, ನೇರಳೆಯಂಥ ನಾಟಿ ಗಿಡಗಳನ್ನು ಬಿಡಿಬಿಡಿಯಾಗಿ ನೆಡಿ.

ಇನ್ನು ಹೂಳು. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಹೂಳೆತ್ತುವ ಕೆಲಸದಿಂದಲೇ ಕೆಟ್ಟ ಕೆರೆಗಳನ್ನು ನೋಡಿದ್ದೇನೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಸುಮಾರು ಎರಡು ಸಾವಿರ ದೊಡ್ಡ ಸರೋವರ, ಜಲಾಶಯಗಳನ್ನು ಉಪಗ್ರಹದ ಮೂಲಕ 1992ರಿಂದ 2020ರವರೆಗೆ ಗಮನಿಸಿತ್ತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನೀರಿನ ಸಂಗ್ರಹ ಕುಗ್ಗಿತ್ತು. ಸಹಜ ಸರೋವರಗಳು ಸೊರಗಿದ್ದಕ್ಕೆ ಹವಾಮಾನದ ಬಿಸಿ ಮತ್ತು ಮನುಷ್ಯರ ನೀರಿನ ಬಳಕೆ ಮುಖ್ಯ ಕಾರಣವಾದರೆ, ಮನುಷ್ಯ ಕಟ್ಟಿದ ಜಲಾಶಯಗಳಲ್ಲಿ ಹೂಳು ದೊಡ್ಡ ಕಾರಣವಾಗಿತ್ತು. ನಮ್ಮ ಕೆರೆಗಳೆಲ್ಲ ಮನುಷ್ಯ ಕಟ್ಟಿದವೇ. ಹಾಗಾಗಿ ಹೂಳು ದೊಡ್ಡ ವಿಷಯ ಎಂಬುದು ನಿಜ.

ಆದರೆ ನಿಮ್ಮ ಕೆರೆ ತುಂಬಿ ಚೆಲ್ಲುತ್ತಿಲ್ಲ. ಅದು ತುಂಬುತ್ತಲೇ ಇಲ್ಲ. ತುಂಬದ ಕಣಜವನ್ನು ದೊಡ್ಡದು ಮಾಡಿಸಿ ಏನು ಪ್ರಯೋಜನ? 60 ಎಕರೆಯಲ್ಲಿ ಒಂದೇ ಒಂದು ಅಡಿ ಹೂಳು ತೆಗೆದರೂ ಅದು 70 ಸಾವಿರ ಘನ ಮೀಟರ್ ದಾಟುತ್ತದೆ, ಸುಮಾರು 25 ಸಾವಿರ ಟ್ರ್ಯಾಕ್ಟರ್ ಲೋಡು. ಅಷ್ಟು ಮಣ್ಣು ಎಲ್ಲಿಗೆ ಹೋಗುತ್ತದೆ, ಯಾರು ಒಯ್ಯುತ್ತಾರೆ ಎಂದು ಕೇಳಿ. ಅದರಿಂದ ಹೆಚ್ಚುವ ಜಾಗ ಏಳು ಕೋಟಿ ಲೀಟರಿನದು. ಅಷ್ಟು ನೀರು ಬರುವ ದಾರಿಯೇ ಮುಚ್ಚಿದ್ದರೆ ಅದು ಬರೀ ಗುಂಡಿ.

ಇದಕ್ಕಿಂತ ದೊಡ್ಡ ಅಪಾಯ ತಳದಲ್ಲಿದೆ. ಹಳೆಯ ಕೆರೆಯ ತಳದಲ್ಲಿ ನೂರಾರು ವರ್ಷ ಕೂತ ಜೇಡಿಯ ಒಂದು ಪದರ ಇರುತ್ತದೆ. ನೀರು ಸುಲಭವಾಗಿ ಇಂಗಿಹೋಗದಂತೆ ತಡೆಯುವುದು ಅದೇ. ಮೇಲಿನ ಹೂಳನ್ನು ತೆಗೆಯುತ್ತ ತೆಗೆಯುತ್ತ ಜೆಸಿಬಿ ಆ ಜೇಡಿಯನ್ನು ಸೀಳಿ ಗರಸು ಮಣ್ಣಿಗೆ ತಲುಪಿದರೆ ಕೆರೆ ಸೋರತೊಡಗುತ್ತದೆ. ಇಟ್ಟಿಗೆ ಗೂಡಿಗೆ, ಬಡಾವಣೆ ತುಂಬಲು ಮಣ್ಣು ಬೇಕಾದವರು ಕೆಲಸಕ್ಕೆ ನಿಂತರೆ ಅವರಿಗೆ ಬೇಕಾದ ಮಣ್ಣು ಎಲ್ಲಿದೆಯೋ ಅಲ್ಲೇ ಆಳಕ್ಕೆ ತೋಡುತ್ತಾರೆ. ಮರುವರ್ಷ ನೀರು ಬಂದಾಗ ಆ ಗುಂಡಿಗಳು ಕಾಣುವುದಿಲ್ಲ. ದನ ಇಳಿಯುತ್ತವೆ, ಈಜಲು ಮಕ್ಕಳು ಇಳಿಯುತ್ತಾರೆ. ಅಂಥ ಒಂದು ಕೆರೆಯ ದಡದಲ್ಲಿ ಒಬ್ಬ ತಾಯಿಯನ್ನು ನೋಡಿದ್ದೇನೆ, ಅದನ್ನು ಬರೆಯಲು ನನ್ನಿಂದ ಆಗದು.

ಆದ್ದರಿಂದ ಹೂಳು ತೆಗೆಯಲೇಬೇಕೆಂದರೆ ಈ ಕ್ರಮದಲ್ಲಿ ಮಾಡಿಸಿ. ಮೊದಲು ಕೆರೆಗೆ ಹಳ್ಳ ಸೇರುವ ಬಾಯಿಯಲ್ಲಿ ಮತ್ತು ಕೆರೆ ನೀರನ್ನು ಹೊರಬಿಡುವ ತೂಬಿನ ಮುಂದೆ ತೆಗೆಯಿರಿ. ಹೂಳು ಹೆಚ್ಚು ಕೂರುವುದು, ತೊಂದರೆ ಕೊಡುವುದು ಅಲ್ಲೇ. ನಾಲ್ಕೈದು ಕಡೆ ಕೈಯಲ್ಲಿ ಗುಂಡಿ ತೋಡಿ ಮೆತ್ತನೆಯ ಕಪ್ಪು ಗೋಡು ಎಷ್ಟು ಆಳವಿದೆ, ಗಟ್ಟಿ ಜೇಡಿ ಎಲ್ಲಿ ಶುರುವಾಗುತ್ತದೆ ನೋಡಿ. ಜೇಡಿ ಮುಟ್ಟುವ ಮೊದಲೇ ಕೆಲಸ ನಿಲ್ಲಬೇಕು. ಏರಿಯ ಬುಡದಲ್ಲಿ ಮಣ್ಣು ಮುಟ್ಟಕೂಡದು. ಎಷ್ಟು ದೂರ ಬಿಡಬೇಕೆಂದು ಎಂಜಿನಿಯರ್ ಗೆರೆ ಹಾಕಿಕೊಡಲಿ. ಗೋಡು ರೈತರ ಹೊಲಕ್ಕೇ ಹೋಗಲಿ. ಹಿಂದೆ ಎತ್ತಿನ ಗಾಡಿಯಲ್ಲಿ ಬೇಸಿಗೆಯಿಡೀ ಹೊಡೆಯುತ್ತಿದ್ದದ್ದೂ ಅದನ್ನೇ. ಮರಳುಮಿಶ್ರಿತ ಕೆಂಪು ನೆಲಕ್ಕೆ ಅದು ನೀರು ಹಿಡಿದಿಡುವ ಗುಣ ಕೊಡುತ್ತದೆ.

ಎರಡನೆಯ ಕಷ್ಟ, ಬಂದ ನೀರು ನಿಲ್ಲದಿರುವುದು. ಕೆರೆ ನೀರನ್ನು ಯಾರೂ ಮುಟ್ಟದಿದ್ದರೆ ಉಳಿಯುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ದಿನಕ್ಕೆ ಆರು ಮಿಲಿಮೀಟರ್ ಹೋದರೆ ಒಂದು ಎಕರೆ ನೀರಿನಿಂದ 24 ಸಾವಿರ ಲೀಟರ್, ಒಂದೇ ದಿನದಲ್ಲಿ. ಜನವರಿಯಿಂದ ಮೇವರೆಗೆ ಸರಾಸರಿ ಮೂವತ್ತು ಎಕರೆ ನೀರು ಹರಡಿ ನಿಂತಿದ್ದರೆ ಹತ್ತು ಕೋಟಿ ಲೀಟರನ್ನು ಬಿಸಿಲೇ ಒಯ್ಯುತ್ತದೆ. ಬಿಸಿಲ ಕಾವು ಏರಿದಂತೆ ಈ ಪಾಲೂ ಏರುತ್ತದೆ. ನೀರು ಕಡಿಮೆಯಿದ್ದು ತೆಳ್ಳಗೆ ಅಗಲವಾಗಿ ನಿಂತ ಕೆರೆಗೆ ಪೆಟ್ಟು ಹೆಚ್ಚು. ಹವಾಮಾನ ಕೆರೆಯನ್ನು ಹೊಡೆಯುವ ಈ ಎರಡನೆಯ ದಾರಿಯನ್ನು ಜನ ಗಮನಿಸುವುದು ಕಡಿಮೆ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಸೋರಿಕೆ ಎಷ್ಟು, ಬಿಸಿಲು ಎಷ್ಟು ಎಂದು ನೀವೇ ಕಂಡುಕೊಳ್ಳಬಹುದು. ಜನವರಿಯಲ್ಲಿ, ಮಳೆಯಿಲ್ಲದ, ತೂಬು ಮುಚ್ಚಿದ ಹತ್ತು ದಿನ ಆರಿಸಿಕೊಳ್ಳಿ. ತೂಬಿನ ಕಲ್ಲುಕಂಬಕ್ಕೆ ಒಂದು ಅಳತೆಪಟ್ಟಿ ಕಟ್ಟಿ. ದನಕ್ಕೆ ನೀರಿಡುವ ಅಗಲ ಬಾಯಿಯ ಬಾನಿಯೊಂದನ್ನು ಕೆರೆಯಂಚಿನಲ್ಲಿ, ದನ, ನಾಯಿ ಮುಟ್ಟದಂತೆ ಮುಳ್ಳುಬೇಲಿ ಹಾಕಿ, ನೀರು ತುಂಬಿ ಇಡಿ. ದಿನಾ ಬೆಳಗ್ಗೆ ಎರಡನ್ನೂ ಅಳೆದು ಪುಸ್ತಕದಲ್ಲಿ ಬರೆಯಿರಿ. ಬಾನಿಯ ನೀರು ಕೆರೆಗಿಂತ ಬೇಗ ಕಾಯುವುದರಿಂದ ಅದರ ಇಳಿತವನ್ನು 0.7ರಿಂದ ಗುಣಿಸಿ, ಕೆರೆಯಿಂದ ಬಿಸಿಲಿಗೆ ಹೋದದ್ದು ಸುಮಾರು ಅಷ್ಟು. ಕೆರೆ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಉಳಿದದ್ದು ತಳದಿಂದಲೋ ತೂಬಿನಿಂದಲೋ ಏರಿಯಿಂದಲೋ ಹೋಗುತ್ತಿದೆ. ಏರಿಯ ಕೆಳಗಿನ ಗದ್ದೆ ಬೇಸಿಗೆಯಲ್ಲೂ ಜವುಗಾಗಿದ್ದರೆ ತೂಬು ನೋಡಿಸಿ.

ಇಲ್ಲಿಗೆ ಕೊಳವೆಬಾವಿಗಳು ಬರುತ್ತವೆ. ಅಂತರ್ಜಲ ಮೇಲಿದ್ದ ಕಾಲದಲ್ಲಿ ಕೆರೆಗೂ ನೆಲದಡಿಯ ನೀರಿಗೂ ಕೊಡುಕೊಳ್ಳುವ ಸಂಬಂಧವಿತ್ತು. ಮಳೆಗಾಲ ಮುಗಿದ ಮೇಲೂ ಒಂದೆರಡು ತಿಂಗಳು ಹಳ್ಳಗಳಲ್ಲಿ ಜಿನುಗು ನೀರು ಬರುತ್ತಿತ್ತು. ಸುತ್ತ ನೂರಾರು ಅಡಿ ಆಳದಿಂದ ನೀರು ಎತ್ತತೊಡಗಿದ ಮೇಲೆ ನೆಲದಡಿಯ ಮಟ್ಟ ಕುಸಿಯಿತು. ಹಳ್ಳದ ಜಿನುಗು ನಿಂತಿತು. ಕೆರೆ ಈಗ ಕೊಡುವುದೊಂದೇ, ಪಡೆಯುವುದಿಲ್ಲ. ಅದು ತಪ್ಪೇನಲ್ಲ, ಕೆರೆ ಇರುವುದೇ ಬಾವಿಗಳಿಗೆ ಊಟೆ ಕೊಡಲು. ಆದರೆ ಲೆಕ್ಕ ಮೀರಿದೆ. ಒಂದು ಎಕರೆಗೆ 500 ಅಡಿಕೆ ಮರ, ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 18 ಲೀಟರ್, ವರ್ಷಕ್ಕೆ ಇನ್ನೂರು ದಿನ ಎಂದರೂ 18 ಲಕ್ಷ ಲೀಟರ್. ಏರಿಯ ಕೆಳಗೆ 50 ಎಕರೆ ಅಡಿಕೆ ಇದ್ದರೆ ಒಂಬತ್ತು ಕೋಟಿ ಲೀಟರ್. ಬಿಸಿಲು ಕುಡಿಯುವಷ್ಟನ್ನೇ ತೋಟವೂ ಕುಡಿಯುತ್ತದೆ. ಅರಸೀಕೆರೆ ಕಡೆಯ ಮೂಲ ಬೆಳೆಯಾದ ತೆಂಗು ಎಕರೆಗೆ 70 ಮರ. ಇದರ ಅರ್ಧದಷ್ಟು ನೀರೂ ಅದಕ್ಕೆ ಬೇಕಿಲ್ಲ.

ಇದನ್ನು ಓದುವ ಬೇಲೂರು, ಮೂಡಿಗೆರೆ, ಸಕಲೇಶಪುರದ ಕಾಫಿ ಬೆಳೆಗಾರರಿಗೂ ಒಂದು ಮಾತು. ಹೂವಿನ ಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುತ್ತೀರಿ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರ್. ಎಲ್ಲರೂ ಒಂದೇ ವಾರದಲ್ಲಿ ಒಂದೇ ಹಳ್ಳಕ್ಕೆ ಮೋಟಾರು ಇಳಿಸಿದರೆ ಕೆಳಗಿನ ಊರಿನ ಕುಡಿಯುವ ನೀರು ನಿಲ್ಲುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ ಮೀನು ಸಾಯಿಸುತ್ತದೆ. ತೋಟದೊಳಗೇ ತೊಟ್ಟಿ ಕಟ್ಟಿ ಸಂಸ್ಕರಿಸುವುದು ಕಷ್ಟವಲ್ಲ, ಮನಸ್ಸು ಮಾಡಬೇಕು.

ಹೊರಗಿನಿಂದ ನೀರು ತಂದು ತುಂಬಿಸುವ ಮಾತು ನಿಮ್ಮ ಊರಿಗೂ ಬಂದಿರಬಹುದು. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಏತ ನೀರಾವರಿಯಿಂದ ತುಂಬಿದ ಕೆರೆಗಳ ಸುತ್ತ ಬಾವಿಗಳು ಜೀವ ಪಡೆದದ್ದನ್ನು ನಾನೇ ಕಂಡಿದ್ದೇನೆ, ಬೇಡವೆನ್ನಲಾರೆ. ಆದರೆ ಮೂರು ಅಪಾಯಗಳಿವೆ. ಮೂಲದಲ್ಲೇ ನೀರಿಲ್ಲದ ವರ್ಷ, ಅಂದರೆ ನಿಮಗೆ ಅತ್ಯಂತ ಬೇಕಾದ ವರ್ಷ, ಪೈಪೂ ಒಣಗಿರುತ್ತದೆ. ನೀರು ಬಂದೇ ಬರುತ್ತದೆಂದು ನಂಬಿ ಊರಲ್ಲಿ ಅಡಿಕೆ ಇಮ್ಮಡಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪೈಪ್ ಬಂದ ದಿನದಿಂದ ರಾಜಕಾಲುವೆಯನ್ನು ಕೇಳುವವರೇ ಇರುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಾನಾದರೆ ಮಳೆಯಲ್ಲಿ ನಡೆಯುವುದರಿಂದ ಶುರು ಮಾಡುತ್ತೇನೆ. ಈ ಸಲ ದೊಡ್ಡ ಮಳೆ ಬಂದ ಕೂಡಲೇ, ಸಿಡಿಲು ನಿಂತ ಮೇಲೆ, ನಾಲ್ಕೈದು ಜನ ಎರಡು ಗುಂಪಾಗಿ ಹಳ್ಳದ ದಡ ಹಿಡಿದು ಮೇಲಕ್ಕೆ ಹೋಗಿ. ನೀರು ಎಲ್ಲಿ ದಾರಿ ಬಿಟ್ಟಿತು ಎಂದು ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಹಳ್ಳಕ್ಕೆ ಮಾತ್ರ ಇಳಿಯಬೇಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್, ಹಳ್ಳದ ಗುರುತು ಸಿಗುತ್ತದೆ. ಆ ಚಿತ್ರಗಳನ್ನೇ ಹಿಡಿದು ಹೋಗಿ. ಯಾರ ಬಳಿ ಹೋಗಬೇಕೆಂಬುದು ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣ್ಣುವ ಜಮೀನಿನ, ಅಳತೆಯ ಮೇಲೆ ನಿಂತಿದೆ: 40 ಹೆಕ್ಟೇರ್, ಅಂದರೆ ನೂರು ಎಕರೆಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತದೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಪೈಪಿನ ಮಟ್ಟ ಇಳಿಸಿ ಹಾಕಲು, ಕಾಲುವೆ ಬಿಡಿಸಲು ಆಗುವ ಖರ್ಚು ಹೂಳೆತ್ತುವ ಖರ್ಚಿನ ಸಣ್ಣ ಪಾಲು. ಬಿದ್ದ ಮಳೆಯ ಅಳತೆಯೂ ಬೇಕಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಕೇಳಿ ಪಡೆಯಿರಿ. ಹಾಗೆಯೇ ಕೋಡಿಯ ಕಲ್ಲನ್ನು ನೋಡಿ. ಮೇಲಂಚಿನಲ್ಲಿ ಉಳುಮೆ ಮಾಡುವವರು ತಮ್ಮ ಬೆಳೆ ಮುಳುಗಬಾರದೆಂದು ಕೋಡಿಯನ್ನು ಒಂದು ಸಾಲು ಕಲ್ಲು ಇಳಿಸಿಬಿಡುವುದುಂಟು. ಒಂದು ಅಡಿ ಇಳಿದರೆ ಕೆರೆಯ ಅತಿ ಅಗಲವಾದ ಪದರವೇ ಹೋದಂತೆ. ಕೋಡಿಯನ್ನು ಎತ್ತರಿಸುವುದು ಇನ್ನೂ ಅಪಾಯ, ಏರಿ ಒಡೆಯುತ್ತದೆ. ಮೂಲ ಮಟ್ಟ ಎಷ್ಟಿತ್ತೋ ಅಷ್ಟೇ ಇರಬೇಕು.

ಈಗ ನಿಮ್ಮ ಪ್ರಶ್ನೆ. ಹೌದು, ನಿಮ್ಮ ಪಾಲೂ ಇದೆ. ಮೂರು ಎಕರೆ ಅಡಿಕೆ ಹನಿ ನೀರಾವರಿಯಲ್ಲೂ ವರ್ಷಕ್ಕೆ ಅರ್ಧ ಕೋಟಿ ಲೀಟರ್ ಕೇಳುತ್ತದೆ, ಹಾಯಿ ನೀರಾದರೆ ಇನ್ನೂ ಹೆಚ್ಚು. ಆ ನೀರೆಲ್ಲ ಕೆರೆಯಿಂದಲೇ ಬಂದದ್ದಲ್ಲ, ಆದರೆ ಏರಿಯ ಬುಡದಲ್ಲಿರುವ ನಿಮ್ಮ ಬಾವಿಗೆ ಕೆರೆಯ ಋಣವಿಲ್ಲ ಎನ್ನಲಾಗದು. ತೋಟ ಕಡಿಯಿರಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ಅನ್ನ. ಹಾಯಿ ನೀರು ಬಿಟ್ಟು ಹನಿಗೆ ಬನ್ನಿ, ಬುಡಕ್ಕೆ ಸೋಗೆ, ತೆಂಗಿನ ಸಿಪ್ಪೆ ಹೊದಿಸಿ, ಇನ್ನೊಂದು ಎಕರೆ ಅಡಿಕೆ ಹಾಕುವ ಯೋಚನೆ ಇದ್ದರೆ ಬಿಡಿ. ಅಚ್ಚುಕಟ್ಟಿನವರೆಲ್ಲ ಕೂಡಿ ಐದು ವರ್ಷ ಹೊಸ ಬಾವಿ ಕೊರೆಸುವುದಿಲ್ಲ ಎಂದು ಒಪ್ಪಿಕೊಂಡರೆ ಅದು ಸರ್ಕಾರದ ಯಾವ ಯೋಜನೆಗಿಂತಲೂ ದೊಡ್ಡದು. ಕರೆಯುವವರು ನೀವಾಗಿ.

ಮೈದುನನ ವಿಷಯ ಸೂಕ್ಷ್ಮ. ಆ ಒಂದೂವರೆ ಎಕರೆ ಕೆರೆಯ ನೆಲವಾಗಿದ್ದರೆ ಬಿಡಬೇಕು, ಇದರಲ್ಲಿ ಎರಡು ಮಾತಿಲ್ಲ. ಪ್ರತಿವರ್ಷ ಉತ್ತ ಸಡಿಲ ಮಣ್ಣು ಮೊದಲ ಮಳೆಗೆ ಕೆರೆಯೊಳಗೇ ಇಳಿಯುತ್ತದೆ. ಆದರೆ ಅವರೊಬ್ಬರನ್ನೇ ಎತ್ತಿ ಆಡಬೇಡಿ. ನನ್ನ ಅನುಭವದಲ್ಲಿ ಅಂಗಳದ ಅಂಚಿನಲ್ಲಿ ಒಬ್ಬರೇ ಉಳುತ್ತಿರುವ ಕೆರೆ ಇಲ್ಲ, ಹತ್ತು ಹನ್ನೆರಡು ಮನೆ ಇರುತ್ತವೆ. ಇಡೀ ಕೆರೆಯ ಸುತ್ತಳತೆಯ ಸರ್ವೆಗೆ ಪಂಚಾಯಿತಿಯಿಂದ ತಹಶೀಲ್ದಾರರಿಗೆ ಅರ್ಜಿ ಹೋಗಲಿ, ಅರ್ಜಿಗೆ ಮೊದಲ ಸಹಿ ನಿಮ್ಮ ಮನೆಯಿಂದ ಬೀಳಲಿ. ಕಲ್ಲು ನೆಟ್ಟ ದಿನ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುವುದು ಸುಲಭ. ಅದಕ್ಕೂ ಮೊದಲು, ಮಳೆಯಲ್ಲಿ ಹಳ್ಳ ನೋಡಲು ಹೋಗುವಾಗ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಆ ಅಂಚಿನಲ್ಲಿ ವರ್ಷಗಟ್ಟಲೆ ದುಡಿದವರು, ನೀರು ಯಾವ ಕಡೆಯಿಂದ ಬರುವುದು ನಿಂತಿತು, ಯಾವ ವರ್ಷ ನಿಂತಿತು ಎಂದು ಊರಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಅಳತೆಪುಸ್ತಕದ ಪ್ರತಿಯನ್ನು ಫೆಬ್ರವರಿಯಲ್ಲಿ ನನಗೆ ಕಳುಹಿಸಿ. ಕೋಡಿಯ ಕಲ್ಲಿನಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಎಂಬುದನ್ನು ಪ್ರತಿ ಸಾಲಿನಲ್ಲೂ ಬರೆದಿರಿ. ಅದಿಲ್ಲದೆ ಉಳಿದ ಅಂಕಿಗಳಿಂದ ನಿಮ್ಮ ಕೆರೆಯ ಲೆಕ್ಕ ಹಾಕಲು ಆಗುವುದಿಲ್ಲ.